ಅವಿಶ್ವಾಸ ಮೀಮಾಂಸೆ: ಅಮೆರಿಕದ ರಾಜ್ಯಶಾಸ್ತ್ರಕ್ಕೊಂದು ಕಿರುಭಾಷ್ಯ

ಅಮೆರಿಕ ಸರ್ಕಾರದ ಮೂಲ ಆದರ್ಶ ಯಾವುದೆಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಸ್ವಾತಂತ್ರ್ಯವೆಂದು ಒಂದು ಪಂಗಡ, ಸಮಾನತೆಯೆಂದು ಇನ್ನೊಂದು. ಡಾಲರ್ ಎನ್ನುವ ನಾಸ್ತಿಕರೂ ಉಂಟು. ಈ ಮೂರೂ ಮತಗಳನ್ನು ಖಂಡಿಸಿ, ‘ಯಾರನ್ನೂ ನಂಬಬೇಡ’ ಎಂಬುದೇ ಆ ದೇಶದ ಆದ್ಯಸೂತ್ರವೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಸೂತ್ರಕ್ಕೆ ಅಪವಾದ ದೇವರೊಬ್ಬನೇ. ಅವನನ್ನು ನಂಬಿದ್ದೇವೆಂಬುದನ್ನು 1956ರಲ್ಲಿ ಕಾಯ್ದೆ ಮಾಡಿ ರಾಷ್ಟ್ರದ ಧ್ಯೇಯವಾಕ್ಯವಾಗಿಸಿ, ಮರುವರ್ಷ ನೋಟಿನ ಮೇಲೂ ಅಚ್ಚು ಹಾಕಿಸಿದರು. ಬರೀ ಬಾಯಿಮಾತಿನ ಭಕ್ತಿಯನ್ನು ನಂಬುವುದು ಹೇಗೆ?

ಇನ್ನು ಪ್ರಮಾಣಗಳು. 1787ರ ಬೇಸಿಗೆಯಲ್ಲಿ ಸಂವಿಧಾನ ರಚಿಸಲು ಫಿಲಡೆಲ್ಫಿಯಾದಲ್ಲಿ ಸೇರಿದ 55 ಮಂದಿ, ಒಳಗಿನ ಮಾತು ಹೊರಗೆ ಹೋಗಕೂಡದೆಂದು ನಿಯಮ ಮಾಡಿಕೊಂಡು, ಬಾಗಿಲಿಗೆ ಕಾವಲಿಟ್ಟು, ಕಿಟಕಿ ಮುಚ್ಚಿ ಬೆವರುತ್ತ ಕುಳಿತರು. ಜನರ ಹೆಸರೆತ್ತಿಯೇ ಆರಂಭವಾಗುವ ಗ್ರಂಥ ಜನರ ಕಿವಿಗೆ ಬೀಳದಂತೆ ಸಿದ್ಧವಾಯಿತು. ಒಳಗೆ ನಡೆದದ್ದನ್ನೆಲ್ಲ ಬರೆದಿಟ್ಟುಕೊಂಡ ಜೇಮ್ಸ್ ಮ್ಯಾಡಿಸನ್, ತಾನು ಬದುಕಿರುವ ತನಕ ಆ ಟಿಪ್ಪಣಿ ಅಚ್ಚಾಗಲು ಬಿಡಲಿಲ್ಲ. ಅದು ಬೆಳಕು ಕಂಡದ್ದು 1840ರಲ್ಲಿ, ಆತ ತೀರಿಕೊಂಡ ನಾಲ್ಕು ವರ್ಷಕ್ಕೆ.

ಈ ಸಂಪ್ರದಾಯದ ಪರಮಾಚಾರ್ಯ ಎಲ್‌ಬ್ರಿಡ್ಜ್ ಗೆರಿ. ಕೊನೆಯ ದಿನ 39 ಮಂದಿ ಸಹಿ ಹಾಕಿದರೂ ಗೆರಿ ಆ ಸಂವಿಧಾನವನ್ನೇ ನಂಬದೆ ಲೇಖನಿ ಮುಟ್ಟಲಿಲ್ಲ. ಅದೇ ಗೆರಿ ಮ್ಯಾಸಚೂಸೆಟ್ಸ್‌ನ ಗವರ್ನರಾಗಿದ್ದಾಗ, 1812ರಲ್ಲಿ, ಮತದಾರರನ್ನೂ ನಂಬದೆ ತನ್ನ ಪಕ್ಷಕ್ಕೆ ಒದಗುವಂತೆ ಕ್ಷೇತ್ರಗಳ ಗಡಿ ಎಳೆದ ಮಸೂದೆಗೆ ಸಹಿ ಹಾಕಿದ. ಸೊಟ್ಟಸೊಟ್ಟಗೆ ಬಳುಕಿದ್ದ ಒಂದು ಕ್ಷೇತ್ರದ ನಕ್ಷೆಗೆ ಬಾಸ್ಟನ್ನಿನ ಪತ್ರಿಕೆಯೊಂದು ರೆಕ್ಕೆ, ಉಗುರು, ಕೋರೆಹಲ್ಲು ಬಿಡಿಸಿ ಪ್ರಕಟಿಸಿತು. ಆ ಮೃಗಕ್ಕೆ ‘ಗೆರಿಮ್ಯಾಂಡರ್’ ಎಂದು ನಾಮಕರಣವಾಯಿತು. ಅದರ ಸಂತಾನ ಇಂದಿಗೂ ಸೊಂಪಾಗಿದೆ.

ಇಲ್ಲಿ ಆಕ್ಷೇಪ: ಪ್ರಜೆಗಳ ಮೇಲೆ ನಂಬಿಕೆಯಿಲ್ಲದಿದ್ದರೆ ಚುನಾವಣೆ ಏಕೆ? ಸಮಾಧಾನ: ಅಮೆರಿಕದ ಪ್ರಜೆ ಅಧ್ಯಕ್ಷನನ್ನು ನೇರವಾಗಿ ಆರಿಸುವುದಿಲ್ಲ, ಆರಿಸುವವರನ್ನು ಆರಿಸುತ್ತಾನೆ. ಅವರು 538 ಮಂದಿ. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದು ಶಾಸ್ತ್ರೋಕ್ತವಾಗಿ ಸೋತರು. 1913ರ ತಿದ್ದುಪಡಿಯವರೆಗೆ ಸೆನೆಟರುಗಳನ್ನು ಆರಿಸುವ ಹಕ್ಕೂ ಜನರಿಗಿರಲಿಲ್ಲ, ರಾಜ್ಯದ ಶಾಸಕರೇ ಆರಿಸುತ್ತಿದ್ದರು. ಇಂದಿಗೂ ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೆ ಇಬ್ಬರು ಸೆನೆಟರು; ಆರು ಲಕ್ಷವೂ ತುಂಬದ ವಯೋಮಿಂಗಿಗೂ ಇಬ್ಬರೇ. ರಾಜಧಾನಿ ವಾಷಿಂಗ್ಟನ್ನಿನ ಸುಮಾರು ಏಳು ಲಕ್ಷ ಜನರಿಗೆ ಒಬ್ಬರೂ ಇಲ್ಲ. ಕೆಳಮನೆಯಲ್ಲಿ ಅವರಿಗೊಬ್ಬ ಪ್ರತಿನಿಧಿ ಉಂಟು. ಸದನದಲ್ಲಿ ಮಾತಾಡಬಹುದು, ಮಸೂದೆಗೆ ಅಂತಿಮ ಮತ ಹಾಕುವಂತಿಲ್ಲ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಕೊಡೆವೆಂದು ಬ್ರಿಟಿಷರ ಮೇಲೆ ಬಂಡೆದ್ದ ನಾಡಿನ ರಾಜಧಾನಿಯಲ್ಲಿ ಈಗ ಅದೇ ದೂರು ಕಾರುಗಳ ನಂಬರ್ ಪ್ಲೇಟಿನ ಮೇಲೆ ಓಡಾಡುತ್ತಿದೆ.

ಇನ್ನು ನಂಬಲು ಉಳಿದವರು ಜನಪ್ರತಿನಿಧಿಗಳು. ಸಂಸದರು ತಮ್ಮ ಸಂಬಳ ತಾವೇ ಏರಿಸಿಕೊಂಡರೆ ಮುಂದಿನ ಚುನಾವಣೆ ಮುಗಿಯುವವರೆಗೆ ಅದು ಜಾರಿಯಾಗಬಾರದೆಂಬ ತಿದ್ದುಪಡಿಯನ್ನು ಮ್ಯಾಡಿಸನ್ 1789ರಲ್ಲೇ ಮಂಡಿಸಿದ್ದ. ಸಾಕಷ್ಟು ರಾಜ್ಯಗಳು ಒಪ್ಪಲಿಲ್ಲ. ಆದರೆ ಗಡುವು ಇಲ್ಲದ್ದರಿಂದ ಅದು ಸಾಯಲೂ ಇಲ್ಲ. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್, ತಿದ್ದುಪಡಿಗೆ ಇನ್ನೂ ಉಸಿರಿದೆಯೆಂದು ತರಗತಿಗೆ ಪ್ರಬಂಧ ಬರೆದ. ‘ಸಿ’ ದರ್ಜೆ ಬಂತು. ವಿದ್ವತ್ತಿಗೆ ಆದ ಈ ಅವಮಾನವನ್ನು ನುಂಗಿಕೊಳ್ಳದೆ, ಕೈಯಿಂದ ಖರ್ಚು ಹಾಕಿ ರಾಜ್ಯರಾಜ್ಯಗಳ ಶಾಸಕರಿಗೆ ಕಾಗದ ಬರೆಯತೊಡಗಿದ. 1983ರಲ್ಲಿ ಮೇನ್ ಒಪ್ಪಿತು, ಮರುವರ್ಷ ಕೊಲರಾಡೊ. ಸಂಸದರ ಸಂಬಳದ ಮೇಲೆ ಜನಕ್ಕಿದ್ದ ಸಿಟ್ಟು ಉಳಿದ ಕೆಲಸ ಮಾಡಿತು. 1992ರ ಮೇ ತಿಂಗಳಲ್ಲಿ, ಮಂಡನೆಯಾದ 202 ವರ್ಷಗಳ ಮೇಲೆ, ಅದು 27ನೇ ತಿದ್ದುಪಡಿಯಾಗಿ ಸಂವಿಧಾನಕ್ಕೆ ಸೇರಿತು.

ವಿಶ್ವವಿದ್ಯಾಲಯ ಮಾತ್ರ ಆತನ ದರ್ಜೆ ತಿದ್ದಿ ‘ಎ’ ಕೊಟ್ಟದ್ದು 2017ರಲ್ಲಿ. ಪ್ರಸ್ತುತ ಪ್ರಬಂಧಕ್ಕೆ ಕಡಿಮೆ ಅಂಕ ಕೊಡಬೇಕೆಂದಿರುವ ವಿಮರ್ಶಕರು ಈ ಪೂರ್ವನಿದರ್ಶನವನ್ನು ದಯವಿಟ್ಟು ಗಮನಿಸಬೇಕು.