ಪ್ರಶ್ನಾವಳಿಯಲ್ಲಿ ಪಾಸಾಗುವ ಬಗೆ

ಹುಡುಗನನ್ನು ಒಮ್ಮೆ ಮನಶ್ಶಾಸ್ತ್ರಜ್ಞರಿಗೆ ತೋರಿಸಿಕೊಂಡು ಬನ್ನಿ ಎಂದು ಮೇಷ್ಟ್ರು ಹೇಳಿ ಕಳಿಸಿದರೆ ಗಾಬರಿ ಬೀಳಬೇಡಿ. ಮೊದಲು ಒಂದು ವರ್ಷ ಸುಮ್ಮನಿರಿ. ಆಮೇಲೆ ಅಜ್ಜಿ, ಸೋದರಮಾವ, ಸಾಧ್ಯವಾದರೆ ಪಕ್ಕದ ಮನೆಯವರೂ ಸೇರಿ ಹೊರಡಿ. ತಲಕಾಡಿನಿಂದ ಟಿ. ನರಸೀಪುರದ ಮೇಲೆ ಮೈಸೂರು ಮುಟ್ಟುವಷ್ಟರಲ್ಲಿ ಬಸ್ಸಿನಲ್ಲೇ ಉತ್ತರ ಗಟ್ಟಿ ಮಾಡಿಕೊಳ್ಳಿ. ಪ್ರಶ್ನೆ ಏನೆಂದು ಗೊತ್ತಿರಬೇಕಿಲ್ಲ.

ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಮಗುವಿನ ಬೆಳವಣಿಗೆ ಅಳೆಯುವಾಗ ತಾಯಿಯನ್ನೂ ಕೂರಿಸಿಕೊಂಡು ಕೇಳುತ್ತಾರೆ. ಎಡ್ಗರ್ ಡಾಲ್ ಎಂಬ ಅಮೆರಿಕನ್ನರು ವೈನ್‌ಲ್ಯಾಂಡ್ ಊರಿನಲ್ಲಿ ಮಾಡಿದ ಪ್ರಶ್ನೆಗಳ ಪಟ್ಟಿಯನ್ನು ನಾಗಪುರದ ಮಾಲಿನ್ ನಮ್ಮ ದೇಶಕ್ಕೆ ಹೊಂದಿಸಿದರು. ಮೈಸೂರಿನ ಭರತ್ ರಾಜ್ ಇನ್ನೊಂದನ್ನು ಇಲ್ಲೇ ತಯಾರಿಸಿದರು. ತಾನೇ ಉಣ್ಣುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ, ಒಬ್ಬನೇ ಸ್ಕೂಲಿಗೆ ಹೋಗುತ್ತಾನಾ, ಹೀಗೆ ಸಾಗುತ್ತದೆ. ಕೇಳಿದ್ದು ತಾಯಿಯನ್ನಾದರೂ ಉತ್ತರ ಅಜ್ಜಿಯಿಂದ ಬರಲಿ. "ಯಾಕ್ ಉಣ್ಣಕಿಲ್ಲ ಕಣವ್ವ, ಎರಡು ಮುದ್ದೆ ಉಣ್ತಾನೆ." ಅವರು ಕೇಳಿದ್ದು ಎಷ್ಟು ಉಣ್ಣುತ್ತಾನೆಂದಲ್ಲ, ಯಾರ ಕೈಯಿಂದ ಉಣ್ಣುತ್ತಾನೆಂದು. ಆ ವಿಷಯಕ್ಕೆ ಹೋಗಬೇಡಿ. ಅಷ್ಟರಲ್ಲಿ ಅಜ್ಜಿಯೇ ಏಳು ವರ್ಷದ ಮೊಮ್ಮಗನ ಬಾಯಿಗೆ ಇಡ್ಲಿ ಮುರಿದು ಇಡುತ್ತಿದ್ದರೆ ಮೆಲ್ಲಗೆ ಡಬ್ಬಿ ಮುಚ್ಚಿಸಿ.

ಹುಟ್ಟಿದ ತಾರೀಕು ಕೇಳಿದರೆ ಸ್ಕೂಲಿಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ್ದನ್ನೇ ಕೊಡಿ. ಈ ಪರೀಕ್ಷೆಗಳ ಲೆಕ್ಕವೆಲ್ಲ ವಯಸ್ಸಿನ ಮೇಲೆ ನಿಂತಿದೆ. ಅದೊಂದು ತಪ್ಪಿದರೆ ಮಿಕ್ಕಿದ್ದು ತಾನಾಗಿ ತಪ್ಪುತ್ತದೆ, ನಿಮಗೆ ಶ್ರಮವಿಲ್ಲ.

ಕೆಲವು ಕಡೆ 25 ಸಾಲಿನ ಒಂದು ಹಾಳೆ ಕೊಡುತ್ತಾರೆ. ಇಂಗ್ಲೆಂಡಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು. ಪ್ರತಿ ಸಾಲಿನ ಮುಂದೆ ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ ಎಂದು ಮೂರು ಮನೆ. ಓದದೆ ಎಲ್ಲಕ್ಕೂ ಕೊನೆಯ ಮನೆಗೆ ಗೀಟು ಹಾಕುವ ಆಸೆ ಬೇಡ; ಒಳ್ಳೆಯ ಗುಣ, ಕೆಟ್ಟ ಗುಣ ಎರಡನ್ನೂ ಕಲಸಿಟ್ಟಿರುತ್ತಾರೆ, ನಿಮ್ಮ ಮಗ ಚಿಕ್ಕ ಮಕ್ಕಳನ್ನು ಮುದ್ದು ಮಾಡುತ್ತಾನೆ, ಕಳ್ಳತನವನ್ನೂ ಮಾಡುತ್ತಾನೆ ಎಂದಾದೀತು. ನಡುವಿನ ಮನೆಯೇ ಕ್ಷೇಮ. ತಂದೆತಾಯಿಗೆ ಒಂದು ಪ್ರತಿ, ಮೇಷ್ಟ್ರಿಗೆ ಒಂದು, 11 ವರ್ಷ ದಾಟಿದ ಮಗುವಿಗೇ ಒಂದು ಎಂಬ ಏರ್ಪಾಡಿದೆ, ಮೂರು ಕಡೆಯ ಮಾತೂ ಬೇರೆ ಬೇರೆ ಸಿಗಲಿ ಎಂದು. ಮಗುವಿನ ಪ್ರತಿಯನ್ನು ನೀವೇ ತುಂಬಿ. ಅದು ಆಗಲೇ ಪೆನ್ಸಿಲ್ ಹಿಡಿದು, ಬೇರೆ ಮಕ್ಕಳು ತನ್ನನ್ನು ಕಾಡಿಸುತ್ತಾರೆ ಎಂಬ ಸಾಲಿನ ಮುಂದೆ ಕಪ್ಪಾಗುವ ತನಕ ತಿದ್ದಿದ್ದರೆ, ರಬ್ಬರಿನಿಂದ ಹಾಳೆ ಹರಿಯದಂತೆ ಉಜ್ಜಿ.

ಇಷ್ಟೆಲ್ಲ ಮಾಡಿ ಮಗನನ್ನು ಪಾಸು ಮಾಡಿಸಿದ ಮೇಲೂ ಅವನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಕಲಿಕಾ ನ್ಯೂನತೆಯ ಸರ್ಟಿಫಿಕೇಟಿಗೆ ಓಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿದೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. ಮೂರನೇ ಕ್ಲಾಸಿನಲ್ಲೇ ಮೇಷ್ಟ್ರು ಹೇಳಿದ್ದರಲ್ಲವೇ ಎಂದು ಅಲ್ಲಿ ಕೇಳಿದರೆ, ಆ ಮೇಷ್ಟ್ರಿಗೆ ವರ್ಗವಾಯಿತು ಎನ್ನಿ.

ದೊಡ್ಡವರ ಹಾಳೆ ಸುಲಭ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬುದರಲ್ಲಿ ಒಂಬತ್ತೇ ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 27. ಹತ್ತು ಮುಟ್ಟಿದರೆ ಡಾಕ್ಟರು ಕೂರಿಸಿಕೊಂಡು ಮಾತಾಡುತ್ತಾರೆ, ಅಲ್ಲಿಗೆ ಮಧ್ಯಾಹ್ನದ ಬಸ್ಸು ತಪ್ಪಿದಂತೆ. ಆದ್ದರಿಂದ ಒಂಬತ್ತರೊಳಗೆ ನಿಲ್ಲಿಸಿ. ಹಾಳೆ ಹೆಂಡತಿಯದಾದರೆ ಪೆನ್ನು ನಿಮ್ಮ ಜೇಬಿನಲ್ಲೇ ಇದೆ, ನೀವೇ ಬರೆಯಿರಿ. ಆಕೆ ವೈರು ಬುಟ್ಟಿ ಹಿಡಿದು ಹಿಂದೆ ನಿಂತಿರಲಿ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು ಎಂದು ಕೇಳಿದ್ದಾರಾ? ನೀವು ಮಲಗುವಾಗ ಆಕೆ ಪಾತ್ರೆ ತೊಳೆಯುತ್ತಿರುತ್ತಾಳೆ, ಏಳುವಾಗ ಕೊಟ್ಟಿಗೆಯಲ್ಲಿರುತ್ತಾಳೆ. ನಿದ್ದೆ ಇಲ್ಲದೆ ಒದ್ದಾಡಿದ್ದನ್ನು ನೀವು ಕಂಡೇ ಇಲ್ಲ. ಸೊನ್ನೆ ಹಾಕಿ. ಸುಸ್ತು? ಯಾರಿಗಿಲ್ಲ, ಸೊನ್ನೆ. ಒಂಬತ್ತನೆಯದು, ಬದುಕೇ ಬೇಡ ಅನ್ನಿಸಿತ್ತೇ ಎಂಬುದು. ಅದಕ್ಕೆ ಉತ್ತರ ಹೇಳಲು ಆಕೆ ಬಾಯಿ ತೆರೆದರೆ, ಬಸ್ಸಿಗೆ ಹೊತ್ತಾಯಿತು ಎಂದು ಗಡಿಯಾರ ನೋಡಿ. ಗೋಡೆಯ ಮೇಲೆ ಟೆಲಿ ಮಾನಸ್ ಸಹಾಯವಾಣಿ 14416 ಎಂಬ ನಂಬರಿದ್ದರೆ ಅದು ಆಕೆಯ ಕಣ್ಣಿಗೆ ಬೀಳದಂತೆ ನಿಲ್ಲಿ. ಕಾಸು ಕೇಳುವುದಿಲ್ಲ, ಹಗಲು ರಾತ್ರಿ ಎನ್ನುವುದಿಲ್ಲ, ಕನ್ನಡದಲ್ಲೇ ಮಾತಾಡಿಬಿಡುತ್ತಾರೆ.

ಕೊನೆಗೆ ಮನೆತನದ ಕಾಲಂ. ನಿಮ್ಮ ವಂಶದಲ್ಲಿ ಯಾರಿಗಾದರೂ ಹೀಗಿತ್ತೇ? ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಗುಡಿಗಳನ್ನೇ ಮರಳಿನಡಿ ಹುದುಗಿಸಿಟ್ಟುಕೊಂಡ ಊರು ನಮ್ಮದು, ಹಿತ್ತಲ ಕೋಣೆಯ ಒಬ್ಬ ಚಿಕ್ಕಪ್ಪನನ್ನು ಹುದುಗಿಸುವುದು ಕಷ್ಟವಲ್ಲ. ಬಲವಂತ ಮಾಡಿದರೆ ಅಲಮೇಲಮ್ಮನ ಶಾಪ ಎನ್ನಿ. ಊರಿನ ಮರಳು, ಮಾಲಂಗಿಯ ಮಡು, ಮೈಸೂರು ದೊರೆಗಳ ಸಂತಾನ, ಎಲ್ಲಕ್ಕೂ ಆ ತಾಯಿಯೇ ಹೊಣೆ ಹೊತ್ತಿರುವಾಗ ನಿಮ್ಮದೊಂದು ಹೆಚ್ಚಾಗದು.

ಇವೆಲ್ಲ ಫಾರಿನ್ನಿನವರದು, ನಮಗೆ ಒಗ್ಗದು ಎಂಬ ಮಾತನ್ನು ಕೈಯಲ್ಲಿಟ್ಟುಕೊಂಡಿರಿ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರಲ್ಲ ಎಂದು ಯಾರಾದರೂ ಓದಿಕೊಂಡವರು ಅಡ್ಡ ಬಂದರೆ, ಮನೆಯಲ್ಲಿ ರೇಡಿಯೊ ಸ್ಟೇಷನ್ ಇಟ್ಟು ಮೈಸೂರಿನ ಆಕಾಶವಾಣಿ ಶುರು ಮಾಡಿದವರು ಅವರೇ ಅಲ್ಲವೇ ಎಂದು ಕೇಳಿ. ಮಾತು ಹಳೆಯ ಹಾಡುಗಳ ಕಡೆ ತಿರುಗುತ್ತದೆ.

ಇನ್ನು ಉಳಿದದ್ದು ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಅಲ್ಲಿಗೆ ಬರುವುದು ಮಂಗಳವಾರ. ನೀವು ಬುಧವಾರ ಹೋಗಿ. ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಿ, ಊರಿಗೆ ಬಂದು ಡಾಕ್ಟರೇ ಇರಲಿಲ್ಲ ಎಂದು ಎಲ್ಲರಿಗೂ ಹೇಳಿ.