ಸ್ಥಿತಭೋಜನ ಮೀಮಾಂಸೆ: ರೋಮಕಾಂಡ

ಯಾವ ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಅಧಿಕಾರಿ ಎಂಬಿವು ಇರಲೇಬೇಕು. ಇಲ್ಲಿ ವಿಷಯ, ರೋಮ್ ನಗರದಲ್ಲಿ ಊಟ. ಪ್ರಯೋಜನ, ಜೇಬಿನ ಆರೋಗ್ಯ. ಅಧಿಕಾರಿ ಯಾರೆಂದರೆ, ಮೆನುವಿನ ಬಲಗಡೆಯನ್ನಷ್ಟೇ ಓದಿ, ಯುರೋವನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಡುವ ಗೃಹಸ್ಥ. ಗುಣಾಕಾರ ಬಾರದವನಿಗೆ ಈ ಶಾಸ್ತ್ರ ಬೇಡ. ಅವನು ಆಗಲೇ ಮುಕ್ತ.

ಪೂರ್ವಪಕ್ಷ: "ರೋಮಿನಲ್ಲಿ ಊಟ ಬಹಳ ದುಬಾರಿ" ಎಂದು ಹೋಗಿಬಂದವರ ವಾದ.

ಸಿದ್ಧಾಂತ: ಅಲ್ಲಿ ದುಬಾರಿ ಊಟವಲ್ಲ, ಕುರ್ಚಿ.

ಸೂತ್ರ 1: ಯಥಾಸನಂ ಬಿಲ್ಲವೃದ್ಧಿಃ.

ಭಾಷ್ಯ: ದೇಹ ನೆಲಕ್ಕೆ ಹತ್ತಿರವಾದಷ್ಟೂ ಬಿಲ್ಲು ಮೇಲೇರುತ್ತದೆ. ಇದಕ್ಕೆ ಇತಿಹಾಸವೇ ಪ್ರಮಾಣ. ಪ್ರಾಚೀನ ರೋಮಿನ ಸಿರಿವಂತರು ಔತಣದಲ್ಲಿ ಮಂಚದ ಮೇಲೆ ಒರಗಿಕೊಂಡು ಉಣ್ಣುತ್ತಿದ್ದರು. ಇನ್ಸುಲಾ ಎಂಬ ವಠಾರಗಳ ಬಡವರಿಗೆ ಅಡುಗೆಮನೆಯ ಭಾಗ್ಯವಿದ್ದದ್ದೇ ಅಪರೂಪ. ಅವರ ಪಾಲಿಗೆ ಬೀದಿಬದಿಯ ಕಟ್ಟೆಯಂಗಡಿ. ಅಂಥದೊಂದು ಅಂಗಡಿಯ ಕಟ್ಟೆ ರೋಮಿನ ಹಳೆಯ ಬಂದರು ಓಸ್ಟಿಯಾದಲ್ಲಿ ಇಂದಿಗೂ ಇದೆ. ಸಾಮ್ರಾಜ್ಯ ಬಿತ್ತು, ಕಟ್ಟೆ ಬೀಳಲಿಲ್ಲ.

ಇಂದಿನ ಬಾರ್ ಆ ಕಟ್ಟೆಯ ವಂಶಸ್ಥ. (ಅಲ್ಲಿ ಬಾರ್ ಎಂದರೆ ಮುಖ್ಯವಾಗಿ ಕಾಫಿ ಅಂಗಡಿ, ಮನೆಯವರು ಗಾಬರಿಯಾಗಬೇಕಿಲ್ಲ.) ಕಟ್ಟೆಯ ಮುಂದೆ ನಿಂತು ಕುಡಿದರೆ ಎಸ್ಪ್ರೆಸೊಗೆ ಒಂದು, ಒಂದೂವರೆ ಯುರೋ. ಅದೇ ಕಪ್ಪು ಹೆಸರುವಾಸಿ ಚೌಕದ ಮೇಜಿಗೆ ಬಂದರೆ ಮೂರು ನಾಲ್ಕು ಪಟ್ಟು. ಕಾಫಿ ಬದಲಾಗಿಲ್ಲ, ಕುಡಿಯುವವನ ಮಂಡಿ ಮಡಚಿದೆ, ಅಷ್ಟೆ. ಎಷ್ಟೋ ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು, ಆಮೇಲೆ ಕಟ್ಟೆಗೆ ಹೋಗಬೇಕು. ಬೆಂಗಳೂರಿನ ದರ್ಶಿನಿಗಳಲ್ಲಿ ಪಳಗಿದವನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವನು ಹುಟ್ಟಾ ರೋಮನ್.

ಶಂಕೆ: ಕುರ್ಚಿ ಬೇಡ, ಮೆಟ್ಟಿಲ ಮೇಲೆ ಕೂತರೆ ಪುಕ್ಕಟೆಯಲ್ಲವೇ?

ಸಮಾಧಾನ: ಅಲ್ಲ. 2019ರಿಂದ ಸ್ಪ್ಯಾನಿಷ್ ಸ್ಟೆಪ್ಸ್ ಎಂಬ ಅಲ್ಲಿನ ಹೆಸರುವಾಸಿ ಮೆಟ್ಟಿಲುಗಳ ಮೇಲೆ ಕೂತವರಿಗೆ ದಂಡವಿದೆ. 400 ಯುರೋವರೆಗೂ ಹೋಗಬಹುದು. ಕಾಫಿಯ ಹಂಗಿಲ್ಲದೆ ಬರೀ ಕೂರುವುದಕ್ಕೇ ಇಷ್ಟು ಬೆಲೆಯಿರುವುದರಿಂದ ಸೂತ್ರ ನಿರ್ವಿವಾದವಾಗಿ ಸಿದ್ಧವಾಯಿತು.

ಸೂತ್ರ 2: ಅಯಾಚಿತಂ ಬ್ರೆಡ್ಡಂ ಸಶುಲ್ಕಮ್.

ಭಾಷ್ಯ: ಕೇಳದೆ ಬಂದ ಬ್ರೆಡ್ಡು ಪುಕ್ಕಟೆಯಲ್ಲ. ಇಟಲಿಯಲ್ಲಿ ಮೇಜಿಗೆ ಕೂತ ತಪ್ಪಿಗೆ ತಲೆಗಿಷ್ಟೆಂದು ತೆಗೆದುಕೊಳ್ಳುವ ದುಡ್ಡಿಗೆ ಕೊಪೆರ್ತೊ ಎಂದು ಹೆಸರು. ರೋಮ್ ಇರುವ ಲಾಜಿಯೊ ಪ್ರಾಂತ್ಯ 2006ರಲ್ಲಿ ಕಾನೂನು ತಂದು ಅದನ್ನು ನಿಷೇಧಿಸಿತು. ಬ್ರೆಡ್ಡಿಗೆ ದುಡ್ಡು ಕೇಳಲು ಮಾತ್ರ ಅಡ್ಡಿಯಿಲ್ಲ. ಹೀಗೆ ಕೊಪೆರ್ತೊ ದೇಹ ತ್ಯಜಿಸಿ ಬ್ರೆಡ್ಡಿನೊಳಗೆ ಪರಕಾಯ ಪ್ರವೇಶ ಮಾಡಿತು. ಪರಿಹಾರ ಸುಲಭ: ಬುಟ್ಟಿ ಮೇಜಿಗೆ ಬಂದ ಕ್ಷಣವೇ "ಬೇಡ" ಎನ್ನುವುದು. ಒಂದು ಚೂರು ಮುರಿದ ಮೇಲೆ ವೈರಾಗ್ಯ ಬಂದರೆ ಉಪಯೋಗವಿಲ್ಲ.

ಸೂತ್ರ 3: ಕತ್ತರೀಪ್ರಮಾಣಃ ಪಿಜ್ಜಃ.

ಭಾಷ್ಯ: ಪಿಜ್ಜಾ ಅಲ್ ತಾಲ್ಯೊ ಅಂಗಡಿಯಲ್ಲಿ ಉದ್ದನೆಯ ತಟ್ಟೆಯಲ್ಲಿ ಬೇಯಿಸಿದ ಪಿಜ್ಜಾವನ್ನು ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಮಾರುತ್ತಾರೆ. ಅಂಗಡಿಯವನು ಕತ್ತರಿಯನ್ನು ಅಗಲವಾಗಿ ಇಟ್ಟು, ಹುಬ್ಬೇರಿಸಿ "ಇಷ್ಟಾ?" ಎಂಬಂತೆ ನೋಡುತ್ತಾನೆ. ನಾಚಿಕೊಂಡು ತಲೆಯಾಡಿಸಿದವನು ಕೆಟ್ಟ. ಬೆರಳೆರಡನ್ನು ಹತ್ತಿರ ತಂದು ತೋರಿಸಿ, ಕತ್ತರಿ ಎರಡಂಗುಲ ಈಚೆಗೆ ಸರಿಯುವವರೆಗೂ ಅಲುಗಬಾರದು. ಚೀಸಿಲ್ಲದ, ಬರೀ ಟೊಮೆಟೊ ಸವರಿದ ರೊಸ್ಸಾ ಸಾಮಾನ್ಯವಾಗಿ ಅಗ್ಗ. ಪಕ್ಕದಲ್ಲೇ ಸುಪ್ಲಿ ಎಂಬ ಕರಿದ ಅನ್ನದುಂಡೆ ಸಾತ್ವಿಕ ಮುಖಮುದ್ರೆಯಲ್ಲಿ ಕೂತಿರುತ್ತದೆ. ಸಸ್ಯಾಹಾರಿಗಳು ವಿಚಾರಿಸದೆ ಮುಟ್ಟಬಾರದು. ಒಳಗೆ ಎಷ್ಟೋ ಸಲ ಕೈಮಾ ಇರುತ್ತದೆ.

ಸೂತ್ರ 4: ನಾಸಿಕಾಜಲಂ ನಿಃಶುಲ್ಕಮ್.

ಭಾಷ್ಯ: ಮೂಗಿನ ನೀರಿಗೆ ದುಡ್ಡಿಲ್ಲ. ಅಸಹ್ಯಪಡಬೇಡಿ. 1874ರಿಂದ ರೋಮಿನ ಬೀದಿಗಳಲ್ಲಿ ನಿಂತಿರುವ ಎರಕದ ಕಬ್ಬಿಣದ ನಲ್ಲಿಕಂಬಗಳಿಗೆ ನಾಸೋನಿ, ಅಂದರೆ ದೊಡ್ಡ ಮೂಗಿನವು, ಎಂದು ಹೆಸರು. ಈಗ ಸುಮಾರು 2,500 ಇವೆ; ಹಗಲೂ ರಾತ್ರಿ ಕುಡಿಯುವ ನೀರು ಸುರಿಸುತ್ತವೆ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ, ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮಿ ನೇರ ಬಾಯಿಗೇ ಬರುತ್ತದೆ. ಹೆಚ್ಚು ಬಗ್ಗುವ ಕಷ್ಟವೂ ಇಲ್ಲ. ನಗರವೇ ನಿಂತವನ ಪಕ್ಷ ವಹಿಸಿದೆ.

ಫಲಶ್ರುತಿ: ತೆರ್ಮಿನಿ ನಿಲ್ದಾಣದಲ್ಲಿ ಇಳಿಯುವ ಮುನ್ನ ಇದನ್ನು ಪಠಿಸಿದವನಿಗೆ ಅಲ್ಪವ್ಯಯವೂ ತೃಪ್ತಿಯೂ ಲಭಿಸುತ್ತವೆ, ಜೊತೆಗೆ ಕಾಲುನೋವೂ ಲಭಿಸುತ್ತದೆ. ಕೊನೆಯ ಸಂಜೆ ಅವನು ಪಿಯಾತ್ಸಾ ನವೋನಾ ಚೌಕದ ಕುರ್ಚಿಯೊಂದರಲ್ಲಿ ಕುಸಿದು ಕೂತು, ಉಳಿಸಿದ್ದನ್ನೆಲ್ಲ ಒಂದು ಕಾಫಿಗೂ ಒಂದು ಐಸ್‌ಕ್ರೀಮಿಗೂ ಸುರಿಯುವುದು ಕಂಡುಬಂದರೆ ಶಾಸ್ತ್ರ ಸುಳ್ಳಾಯಿತೆಂದು ತಿಳಿಯಬಾರದು. ಅದು ದುಂದುವೆಚ್ಚವಲ್ಲ, ಪಾದಪೂಜೆ.