ಅಂಬಾಸಿಡರ್ ನೇತ್ರಶಾಸ್ತ್ರ: ಒಂದು ಮೆಳ್ಳೆಗಣ್ಣಿನ ಮೀಮಾಂಸೆ

1. ವಿಷಯ ಪ್ರವೇಶ

ಕಣ್ಣುಗಳಲ್ಲಿ ಎರಡು ಬಗೆ. ತಾನು ನೋಡಲೆಂದು ಇರುವುದು ಒಂದು, ಎದುರಿನವರು ನೋಡದಿರಲೆಂದು ಇರುವುದು ಇನ್ನೊಂದು. ಎರಡನೆಯದಕ್ಕೆ ಲೋಕರೂಢಿಯಲ್ಲಿ ಹೆಡ್‌ಲೈಟ್ ಎಂದು ಹೆಸರು. ಕತ್ತಲಾದ ಮೇಲೆ ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ಸ್ಕೂಟರಿನಲ್ಲಿ ಹೋದವರಿಗೆ ಈ ಲಕ್ಷಣವಾಕ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಸ್ತುತ ಅಧ್ಯಯನದ ವಸ್ತು, ಪ್ರಬಂಧಕಾರನ ಸ್ವಂತ ಅಂಬಾಸಿಡರಿನ ಒಂದು ಜೊತೆ ಕಣ್ಣು. ಬಲಗಣ್ಣು ಹುಣಿಸೆಮರದ ತುದಿಯನ್ನು ನೋಡುತ್ತಿತ್ತು, ಎಡಗಣ್ಣು ಚರಂಡಿಯನ್ನು. ನಡುವೆ ಇದ್ದ ರಸ್ತೆಯನ್ನು ಪ್ರಬಂಧಕಾರ ನೆನಪಿನ ಬಲದಿಂದ ದಾಟುತ್ತಿದ್ದ. 2014ರಲ್ಲಿ ತಯಾರಿಕೆಯೇ ನಿಂತುಹೋದ ಕಾರು ಇದು. ಇದರ ದೃಷ್ಟಿಗೆ ಇನ್ನು ವೈದ್ಯನೂ ಮಾಲೀಕನೇ.

2. ಐತಿಹಾಸಿಕ ಹಿನ್ನೆಲೆ

ಕೋಲಾರ ಚಿನ್ನದ ಗಣಿ ಬೆಳಕಿನ ವಿಷಯದಲ್ಲಿ ಸಾಮಾನ್ಯ ಊರಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ನಡೆದು ಬಂದು ಇಲ್ಲಿನ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಆದ್ದರಿಂದ ಕಣ್ಣು ಕುಕ್ಕುವ ವಿದ್ಯೆಯಲ್ಲಿ ನಾವು ರಾಜಧಾನಿಗಿಂತ ಮೂರು ವರ್ಷ ಹಿರಿಯರು ಎಂದು ಸಾಧಿಸುವ ಅಧ್ಯಾಯವೊಂದು ಸಿದ್ಧವಾಗಿತ್ತು. ಕಾರಿನ ಬ್ಯಾಟರಿಗೂ ಶಿವನಸಮುದ್ರಕ್ಕೂ ಏನು ಸಂಬಂಧ ಎಂದು ಮಗ ಕೇಳಿದ್ದರಿಂದ ಅದನ್ನು ಕೈಬಿಡಲಾಗಿದೆ.

ಇನ್ನೊಂದು ಆಧಾರ ಇದಕ್ಕಿಂತ ಗಟ್ಟಿ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಕಡೆಯ ವಿಜ್ಞಾನಿಗಳು ಸೇರಿ ಇದೇ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಇಡೀ ಭೂಮಿಯನ್ನು ತೂರಿ ಹೋದರೂ ಬಹುಪಾಲು ಯಾವುದಕ್ಕೂ ತಾಗದ ಕಣ ಅದು. ನನ್ನ ಬಲದೀಪದ ಬೆಳಕೂ ಹಾಗೆಯೇ, ರಸ್ತೆಯ ಯಾವ ವಸ್ತುವಿಗೂ ತಾಗದೆ ಆಕಾಶ ಸೇರುತ್ತಿತ್ತು. ಅವರಿಗೆ ಕೀರ್ತಿ ಬಂತು. ನನಗೆ ಎದುರಿನ ಲಾರಿಯವನಿಂದ ತೆಲುಗಿನಲ್ಲಿ ಬೈಗುಳ ಬಂತು.

3. ಪೂರ್ವಪಕ್ಷ

ದೀಪ ಓರೆಯಾಗಲು ಕಾರಣವೇನು? ಈ ಕುರಿತು ಮೂರು ಮತಗಳಿವೆ.

ಮೊದಲನೆಯದು ದೃಷ್ಟಿವಾದ. ಕಾರಿಗೆ ಯಾರದೋ ಕಣ್ಣು ತಾಗಿದೆ, ನಿಂಬೆಹಣ್ಣು ಕಟ್ಟಿ ಎಂಬುದು ಇವರ ನಿಲುವು. ಹೆಡ್‌ಲೈಟಿನ ಗಾಜಿಗೆ ಕಪ್ಪು ಬೊಟ್ಟು ಇಡುವ ಹಳೆಯ ರೂಢಿಯನ್ನು ಅವರು ಸಾಕ್ಷಿಗೆ ಕರೆಯುತ್ತಾರೆ. ಆ ಬೊಟ್ಟು ಎದುರಿನವರ ಕಣ್ಣು ಉಳಿಸಲು ಇಟ್ಟದ್ದು ಎಂದರೆ ಒಪ್ಪುವುದಿಲ್ಲ.

ಎರಡನೆಯದು ಬಲ್ಬುವಾದ. ಗ್ಯಾರೇಜಿನಲ್ಲಿ ಹುಟ್ಟಿದ ಮತ. ‘ಫೋಕಸ್ ಹೋಗಿದೆ ಸಾರ್, ಎಲ್‌ಇಡಿ ಹಾಕ್ಬಿಡಿ’ ಎಂಬುದು ಇದರ ಮೂಲಮಂತ್ರ. ಮೆಳ್ಳೆಗಣ್ಣಿಗೆ ದಪ್ಪನಾಗಿ ಕಾಡಿಗೆ ಹಚ್ಚಿದರೆ ನೋಟ ನೆಟ್ಟಗಾದೀತೇ?

ಮೂರನೆಯದು ಪರದೋಷವಾದ. ನನ್ನ ದೀಪ ಸರಿಯಾಗಿಯೇ ಇದೆ, ಓರೆಯಾಗಿರುವುದು ಎದುರಿನವನದು. ನಾಲ್ಕು ಚಕ್ರ ಉಳ್ಳವರೆಲ್ಲ ಈ ಮತದವರು.

4. ಸಿದ್ಧಾಂತ

ದೋಷ ಕಣ್ಣಿನಲ್ಲಿ ಹುಟ್ಟುವುದಕ್ಕಿಂತ ಬೆನ್ನಿನಲ್ಲಿ ಹುಟ್ಟುವುದೇ ಹೆಚ್ಚು. ಹಿಂದಿನ ಕಮಾನು ಪಟ್ಟಿಗಳು ವಯಸ್ಸಾಗಿ ಕುಸಿದರೆ ಕಾರಿನ ಬಾಲ ಇಳಿಯುತ್ತದೆ, ಮೂತಿ ಏಳುತ್ತದೆ, ಬೆಳಕು ನಕ್ಷತ್ರ ಎಣಿಸುತ್ತದೆ. ಪರೀಕ್ಷೆಗೆಂದು ಡಿಕ್ಕಿ ತೆರೆದಾಗ ಎರಡು ಕ್ರೇಟು ಟೊಮೆಟೊ ಸಿಕ್ಕಿತು. ಕೋಲಾರ ಜಿಲ್ಲೆಯ ಡಿಕ್ಕಿಯಲ್ಲಿ ಇದು ಆಶ್ಚರ್ಯವಲ್ಲ. ಇಳಿಸಿದ ಕೂಡಲೇ ಬಲಗಣ್ಣು ಹುಣಿಸೆಮರದ ತುದಿಯಿಂದ ನಡುಕೊಂಬೆಗೆ ಇಳಿಯಿತು. ಒಂದೂ ತಿರುಪು ಮುಟ್ಟದೆ ಸಾಧಿಸಿದ ಈ ಪ್ರಗತಿಯನ್ನು ವಿದ್ವಾಂಸರು ಗಮನಿಸಬೇಕು.

5. ವಿಧಿ

ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ. ಸಮತಟ್ಟು ನೆಲ ಹುಡುಕಿ. ಮೂರು ಕಿಲೋಮೀಟರಿಗೂ ಆಳ ಕೊರೆದ ಊರಿನಲ್ಲಿ ಇದು ಸುಲಭವಲ್ಲ, ಆದರೂ ಹುಡುಕಿ. ಚಾಲಕನ ಜಾಗದಲ್ಲಿ ಅವನಷ್ಟೇ ಭಾರ ಇರಬೇಕು: ಒಂದು ಮೂಟೆ ರಾಗಿ, ಪ್ರಬಂಧಕಾರನ ಪಾಂಡಿತ್ಯಕ್ಕೆಂದು ಮೇಲೆ 20 ಕಿಲೊ.

ಮುಸ್ಸಂಜೆ ಕಾರನ್ನು ಗೋಡೆಗೆ ಮೂತಿ ತಾಗುವಷ್ಟು ಹತ್ತಿರ ನಿಲ್ಲಿಸಿ, ಎರಡೂ ದೀಪದ ನಟ್ಟನಡುವಿಗೆ ಎದುರಾಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನೇರ ಹಿಂದಕ್ಕೆ 8 ಮೀಟರ್ ಬನ್ನಿ. ಈ ಅಂತರ ಬರಿಯ ತೋಚಿಕೆಯಲ್ಲ; 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ದೀಪ ಕುಕ್ಕಬಾರದು ಎನ್ನುತ್ತದೆ. ಮೀಟರಿಗೆ ಒಂದು ಸೆಂ.ಮೀ. ಇಳಿಜಾರೆಂದರೆ ಗುರುತಿಗಿಂತ 8 ಸೆಂ.ಮೀ. ಕೆಳಗೆ ಅಡ್ಡಗೆರೆ ಎಳೆಯಿರಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗೆ ಕೂರಬೇಕು.

ಒಂದು ದೀಪಕ್ಕೆ ಗೋಣಿತಾಟು ಹೊದಿಸಿ, ಇನ್ನೊಂದರ ಹೊಳೆಯುವ ರಿಂಗು ಬಿಚ್ಚಿ. ಒಳಗೆ ಮೇಲೊಂದು, ಪಕ್ಕಕ್ಕೊಂದು ತಿರುಪು ಕಾಣುತ್ತವೆ. ಮೇಲಿನದು ನೋಟವನ್ನು ಏರಿಸಿ ಇಳಿಸುತ್ತದೆ, ಪಕ್ಕದ್ದು ಎಡಬಲಕ್ಕೆ ಹೊರಳಿಸುತ್ತದೆ. ಉಳಿದ ತಿರುಪುಗಳು ದೀಪವನ್ನು ಹಿಡಿದಿಟ್ಟುಕೊಂಡಿರುವಂಥವು. ಅವನ್ನು ತಿರುಗಿಸಿದರೆ ದೀಪ ಕೈಗೆ ಬರುತ್ತದೆ ಎಂಬುದು ಪ್ರಯೋಗದಿಂದ ಸಿದ್ಧಪಟ್ಟಿದೆ.

6. ಪ್ರಯೋಗ

ಗೋಡೆ ಎದುರುಮನೆಯವರದು. ಅವರು ಗಣಿಯಲ್ಲಿ ದುಡಿದು, 2001ರಲ್ಲಿ ಗಣಿ ಮುಚ್ಚಿದಾಗ ಮನೆಗೆ ಬಂದವರು. ತಮ್ಮ ಸುಣ್ಣದ ಗೋಡೆಯ ಮೇಲೆ ಎರಡು ಚಂದ್ರರು ಮೂಡಿ, ತೂಗಾಡಿ, ಅವರಲ್ಲೊಬ್ಬ ಕಿಟಕಿ ಹೊಕ್ಕಿದ್ದನ್ನು ಕಂಡು ಹೊರಬಂದರು. ಪ್ರಬಂಧಕಾರ ಇಳಿಜಾರು, ಅಡ್ಡಗೆರೆ, 106ನೇ ನಿಯಮ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು:

‘ಅಂಡರ್‌ಗ್ರೌಂಡ್‌ನಲ್ಲಿ ನಮ್ಗೆ ಲೈಟು ತಲೆ ಮೇಲೇ ಇತ್ತು ಸಾರ್. ಎದುರಿಗೆ ಆಳು ಬಂದ್ರೆ ತಲೆ ತಗ್ಗಿಸ್ತಿದ್ವಿ. ಅಷ್ಟೇ.’

ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳಬೇಕೆಂದಿದ್ದೆ. ತಳ್ಳಿ ನೋಡಿದರೆ, ಮೇಲೆ ಉಳಿದ ಐದು ಭಾಗಗಳು ಅದರ ಅಡಿಟಿಪ್ಪಣಿಯಂತೆ ಕಂಡವು.

7. ಫಲಶ್ರುತಿ

ದೀಪ ಗೆರೆಗೆ ಕೂತ ರಾತ್ರಿ, ಪರೀಕ್ಷಾರ್ಥವಾಗಿ ಸಂಸಾರ ಸಮೇತ ಬಂಗಾರಪೇಟೆಗೆ ಪಾನಿಪುರಿ ತಿನ್ನಲು ಹೋದೆವು. ಅಲ್ಲಿನ ಪಾನಿ ನೋಡಲು ಬರಿಯ ತಿಳಿನೀರು, ಬಾಯಿಗಿಟ್ಟರೆ ಖಾರ. ಡಿಮ್ ಬೆಳಕೂ ಹೀಗಿರಬೇಕು, ಎದುರಿನ ಕಣ್ಣಿಗೆ ಏನೂ ಇಲ್ಲ, ಕೆಲಸದಲ್ಲಿ ಚುರುಕು ಎಂದೆ. ಮನೆಯಾಕೆ ಇನ್ನೊಂದು ಪ್ಲೇಟು ಹೇಳಿದಳು. ಹಿಂದಿನ ಸೀಟಿನಲ್ಲಿ ನಾಲ್ವರು ಹೊಟ್ಟೆ ತುಂಬಿ ಕುಳಿತದ್ದರಿಂದ ಮರಳುವಾಗ ಮೂತಿ ಮತ್ತೆ ತುಸು ಎದ್ದಿತ್ತು. ಅದು ಮುಂದಿನ ಪ್ರಬಂಧದ ವಸ್ತು.

ಓದುಗರಲ್ಲಿ ಒಂದೇ ಅರಿಕೆ. ರಾತ್ರಿ ಆ ರಸ್ತೆಯಲ್ಲಿ ಬಿಳಿ ಅಂಬಾಸಿಡರ್ ಎದುರಾದರೆ ಅದು ನಾನೇ. ನನ್ನ ದೀಪ ಸರಿಯಾಗಿದೆ. ದಯವಿಟ್ಟು ನಿಮ್ಮದು ಡಿಮ್ ಮಾಡಿ.